ಮಾರ್ಕೆಟ್ ಬಿದ್ದಾಗ ಮೊದಲು ಕೇಳ್ಬೇಕಾದ್ದು: ಈ ದುಡ್ಡು ನಿಮಗೆ ಯಾವಾಗ ಬೇಕು?

ಬಿಜೈ ಅಡ್ವೈಸರ್:

ನಮಸ್ಕಾರ ಎಲ್ಲರಿಗೂ. ಸ್ವಲ್ಪ ದಿನದಿಂದ ಇಲ್ಲಿ ಎಲ್ಲರೂ ಮಾರ್ಕೆಟ್ ವಿಷಯವೇ ಮಾತಾಡ್ತಾ ಇದ್ದೀರಿ, ಮಾರಿಬಿಡ್ಬೇಕಾ, ಎಸ್‌ಐಪಿ (ತಿಂಗಳು ತಿಂಗಳು ಮ್ಯೂಚುವಲ್ ಫಂಡಿಗೆ ಹೋಗುವ ದುಡ್ಡು) ನಿಲ್ಲಿಸ್ಬೇಕಾ, ಚಿನ್ನ ತಗೊಳ್ಬೇಕಾ ಅಂತ. ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಬರೆಯುದಕ್ಕಿಂತ ಒಂದೇ ಕಡೆ ಬರೀತೇನೆ, ಉದ್ದ ಆದ್ರೆ ಬೇಜಾರು ಮಾಡ್ಬೇಡಿ. ಮಂಗಳೂರಲ್ಲಿ 2007ರಿಂದ ಇದೇ ಕೆಲಸ ಮಾಡ್ತಾ ಇದ್ದೇನೆ, ಮೊದಲು ಮ್ಯೂಚುವಲ್ ಫಂಡ್ ಡಿಸ್ಟ್ರಿಬ್ಯೂಟರ್ ಆಗಿ, ಆಮೇಲೆ ಶೇರು ಮಾರ್ಕೆಟಿಗೆ ನಿಯಮ ಮಾಡುವ ಸೆಬಿಯಲ್ಲಿ ನೋಂದಣಿ ಮಾಡಿಸಿ ಫೀಸ್ ತಗೊಳ್ಳುವ ಸಲಹೆಗಾರ ಆಗಿ.

ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ "ಮಾರ್ಕೆಟ್ ಯಾವಾಗ ಮೇಲೆ ಬರ್ತದೆ" ಅಂತ. ಅದಕ್ಕೆ ಉತ್ತರ ಯಾರ ಹತ್ರವೂ ಇಲ್ಲ, ಟಿವಿಯಲ್ಲಿ ಕೋಟು ಹಾಕಿ ಕೂತವರ ಹತ್ರವೂ ಇಲ್ಲ. ಮಾರ್ಕೆಟಿನ ಏರಿಳಿತ ಅಳೆಯುವ ಸೆನ್ಸೆಕ್ಸ್ 2008ರ ಜನವರಿಯಲ್ಲಿ 21,000 ಇತ್ತು, ಅದೇ ವರ್ಷ ಅಕ್ಟೋಬರಿಗೆ 8,000ದ ಆಸುಪಾಸಿಗೆ ಬಂತು. 2010ರ ನವೆಂಬರಲ್ಲಿ ಒಮ್ಮೆ 21,000 ಮುಟ್ಟಿ ಪುನಃ ಇಳಿಯಿತು, ಆ ಮಟ್ಟದ ಮೇಲೆ ಗಟ್ಟಿಯಾಗಿ ನಿಂತದ್ದು 2014ರಲ್ಲಿ. ಅಂದ್ರೆ ಆರು ವರ್ಷ. ಅದೇ 2020 ನೋಡಿ, ಜನವರಿಯಲ್ಲಿ 42,000, ಮಾರ್ಚ್ 23ಕ್ಕೆ ಒಂದೇ ದಿನ 13 ಪರ್ಸೆಂಟ್ ಬಿದ್ದು 26,000ಕ್ಕೆ ಬಂತು, ನವೆಂಬರಿಗೆ ಎಲ್ಲ ವಾಪಸ್. 2024ರ ಸೆಪ್ಟೆಂಬರಲ್ಲಿ 85,900 ದಾಟಿದ್ದು ಪುನಃ ಅಲ್ಲಿಗೆ ಮುಟ್ಲಿಕ್ಕೆ 2025ರ ನವೆಂಬರ್ ಆಯ್ತು. ಒಮ್ಮೆ ಆರು ವರ್ಷ, ಒಮ್ಮೆ ಹತ್ತು ತಿಂಗಳು, ಒಮ್ಮೆ ಒಂದು ವರ್ಷದ ಮೇಲೆ. ಬೀಳುವ ದಿನ ಮೂರೂ ಒಂದೇ ಹಾಗೆ ಕಾಣ್ತದೆ.

ಹಾಗಾಗಿ ನಾನು ತಿರುಗಿ ಕೇಳುದು ಒಂದೇ, ಈ ದುಡ್ಡು ನಿಮಗೆ ಯಾವಾಗ ಬೇಕು? ಯಾರು ಬಂದ್ರೂ ಒಂದು ಹಾಳೆ ತಗೊಂಡು ಮೂರು ಭಾಗ ಮಾಡ್ತೇನೆ. ಒಂದು ವರ್ಷದೊಳಗೆ ಬೇಕಾದ್ದು ಒಂದು ಕಡೆ, ಒಂದರಿಂದ ಏಳು ವರ್ಷದೊಳಗೆ ಬೇಕಾದ್ದು ಒಂದು ಕಡೆ, ಅದರಿಂದ ಆಚೆಗಿದ್ದದ್ದು ಒಂದು ಕಡೆ. ಮೊದಲ ಭಾಗ ಸೇವಿಂಗ್ಸ್, ಎಫ್‌ಡಿ, ಲಿಕ್ವಿಡ್ ಫಂಡ್ (ಬೇಕಾದಾಗ ಬೇಗ ತೆಗೀಬಹುದಾದ ಫಂಡ್). ಎರಡನೇದಕ್ಕೆ ಎಫ್‌ಡಿ, ಪೋಸ್ಟ್ ಆಫೀಸ್, ಒಳ್ಳೆ ಡೆಟ್ ಫಂಡ್ (ಸಾಲಪತ್ರಗಳಲ್ಲಿ ಹಾಕುವ ಫಂಡ್), ತುಂಬ ಬೇಕಾದ್ರೆ ಸ್ವಲ್ಪ ಶೇರು. ಮೂರನೇದು ಮಾತ್ರ ಶೇರು ಮಾರ್ಕೆಟಿಗೆ. ಏಳು ಯಾಕೆ ಅಂದ್ರೆ 2008ರಲ್ಲಿ ಆರು ವರ್ಷ ಕಾದವರನ್ನು ನಾನು ಎದುರು ಕೂತು ನೋಡಿದ್ದೇನೆ, ಐದು ಅಂತ ಹೇಳ್ಲಿಕ್ಕೆ ನನಗೆ ಧೈರ್ಯ ಬರುದಿಲ್ಲ.

ಪ್ರಶ್ನೆ ಇದ್ರೆ ಕೇಳಿ, ಆದ್ರೆ ನಿಮ್ಮ ಫೋಲಿಯೋ ನಂಬರ್, ಪ್ಯಾನ್ ಎಲ್ಲ ಇಲ್ಲಿ ಹಾಕ್ಬೇಡಿ.

ಸುರತ್ಕಲ್ ಎಫ್‌ಡಿ:

ಇಷ್ಟೆಲ್ಲ ಮಂಡೆಬಿಸಿ ಯಾಕೆ ಮಾರಾಯ್ರೆ. ನಮ್ಮ ಅಪ್ಪ ಎಫ್‌ಡಿ ಇಟ್ರು, ಅಮ್ಮ ಚಿನ್ನ ತಗೊಂಡ್ರು, ಒಂದು ಸೈಟ್ ತಗೊಂಡ್ರು, ಮೂರು ಮಕ್ಕಳ ಓದು ಮದುವೆ ಎಲ್ಲ ಆಯ್ತು. ಬ್ಯಾಂಕ್ ಹುಟ್ಟಿದ ಊರಲ್ಲಿ ಕೂತು ಶೇರು ಶೇರು ಅಂತ ಯಾಕೆ? ಕೆನರಾ ಬ್ಯಾಂಕ್ 1906ರಲ್ಲಿ ಇಲ್ಲೇ ಶುರುವಾದದ್ದು, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಉಡುಪಿಯಲ್ಲಿ, ಕರ್ಣಾಟಕ ಬ್ಯಾಂಕ್ 1924, ಸಿಂಡಿಕೇಟ್ 1925, ವಿಜಯಾ 1931. ನಮ್ಮವರಿಗೆ ದುಡ್ಡು ಇಡ್ಲಿಕ್ಕೆ ಯಾರೂ ಕಲಿಸ್ಬೇಕು ಅಂತ ಇಲ್ಲ.

ಬಿಜೈ ಅಡ್ವೈಸರ್:

ನಿಮ್ಮ ಅಪ್ಪ ಮಾಡಿದ್ದು ಸರಿಯೇ. ಅವರ ಕಾಲದಲ್ಲಿ ಎಫ್‌ಡಿಗೆ ಹತ್ತು, ಹನ್ನೆರಡು ಪರ್ಸೆಂಟ್ ಬರ್ತಿತ್ತು. ಈಗ ಆರೂವರೆ ಅಂತ ಇಟ್ಕೊಳ್ಳಿ, 30 ಪರ್ಸೆಂಟ್ ಸ್ಲಾಬಲ್ಲಿ ಇರುವವರಿಗೆ ಟ್ಯಾಕ್ಸ್ ಹೋಗಿ ಕೈಗೆ ಸಿಗುದು ನಾಲ್ಕೂವರೆ. ಆಸ್ಪತ್ರೆ ಬಿಲ್ಲು, ಮೆಡಿಕಲ್ ಸೀಟು ಅದಕ್ಕಿಂತ ಜೋರಾಗಿ ಏರ್ತದೆ. ಎಫ್‌ಡಿ ಬೇಡ ಅಂತ ನಾನು ಯಾವತ್ತೂ ಹೇಳುದಿಲ್ಲ, ಮೇಲೆ ಬರೆದ ಮೊದಲ ಎರಡು ಭಾಗ ಬಹುಪಾಲು ಅದೇ. ಇಪ್ಪತ್ತು ವರ್ಷ ಬಿಟ್ಟು ಬೇಕಾದ ದುಡ್ಡನ್ನೂ ಅಲ್ಲೇ ಇಟ್ರೆ ಮಾತ್ರ ಸಾಕಾಗುದಿಲ್ಲ.

ಚಿನ್ನ ಈಗ ಏರಿದ್ದು ಎಲ್ಲರಿಗೂ ಕಾಣ್ತದೆ, 2012ರಲ್ಲಿ ಹತ್ತು ಗ್ರಾಮಿಗೆ 31,000 ಇದ್ದದ್ದು 2018ರಲ್ಲೂ ಹೆಚ್ಚುಕಡಿಮೆ ಅಷ್ಟೇ ಇತ್ತು ಅಂತ ಯಾರಿಗೂ ನೆನಪಿಲ್ಲ. ಸೈಟ್ ವಿಷಯ ನಿಮಗೇ ಗೊತ್ತುಂಟು, ಅರ್ಜೆಂಟಿಗೆ ಮಾರ್ಲಿಕ್ಕೆ ಹೋದ್ರೆ 9/11 (ಪಂಚಾಯತಿನ ಸೈಟ್ ದಾಖಲೆ) ಉಂಟಾ, ಕೃಷಿ ಜಾಗದಿಂದ ಕನ್ವರ್ಷನ್ ಆಗಿದೆಯಾ, ರಸ್ತೆ ಎಷ್ಟು ಅಗಲ ಅಂತ ಕೇಳಿ ಕೇಳಿ ಆರು ತಿಂಗಳು ಹೋಗ್ತದೆ.

ಅಜ್ಜರಕಾಡು ಟೀಚರ್:

ಸರ್, ನಾನು ನಿವೃತ್ತ ಶಿಕ್ಷಕಿ, ಯಜಮಾನ್ರು ತೀರಿಹೋಗಿದ್ದಾರೆ. ಅವರು ಒಂದೇ ಬ್ಯಾಂಕಲ್ಲಿ ಎಲ್ಲ ಇಡ್ಬಾರ್ದು ಅಂತ ಹೇಳಿ ಕೆನರಾದಲ್ಲಿ ಸ್ವಲ್ಪ, ಸಿಂಡಿಕೇಟಲ್ಲಿ ಸ್ವಲ್ಪ, ಮತ್ತೆ ಮನೆ ಹತ್ರದ ಸೊಸೈಟಿಯಲ್ಲಿ ಸ್ವಲ್ಪ ಇಟ್ಟಿದ್ರು. ಸೊಸೈಟಿಯಲ್ಲಿ ಬಡ್ಡಿ ಒಂದು ಪರ್ಸೆಂಟ್ ಜಾಸ್ತಿ ಕೊಡ್ತಾರೆ, ಪರಿಚಯದವರೇ. ಮಾರ್ಕೆಟ್ ನನಗೆ ಬೇಡ. ನಾನು ಸೇಫ್ ಇದ್ದೇನೆ ಅಲ್ವಾ?

ಬಿಜೈ ಅಡ್ವೈಸರ್:

ಟೀಚರ್, ನಿಮ್ಮ ಯಜಮಾನ್ರ ಯೋಚನೆ ತುಂಬ ಒಳ್ಳೆದು, ಆದ್ರೆ ಅವರು ಹಾಕಿದ ಲೆಕ್ಕ ಬ್ಯಾಂಕ್‌ಗಳೇ ಬದಲಾಯಿಸಿಬಿಟ್ಟಿವೆ. ಡಿಐಸಿಜಿಸಿ ಅಂತ ರಿಸರ್ವ್ ಬ್ಯಾಂಕಿನ ಸಂಸ್ಥೆ ಉಂಟು, ಬ್ಯಾಂಕ್ ಮುಳುಗಿದ್ರೆ ಒಬ್ಬರಿಗೆ ಒಂದು ಬ್ಯಾಂಕಿಗೆ ಅಸಲು ಬಡ್ಡಿ ಸೇರಿ 5 ಲಕ್ಷದ ತನಕ ವಿಮೆ ಕೊಡ್ತದೆ, 2020ರ ಫೆಬ್ರವರಿಗೆ ಮೊದಲು ಅದು ಬರೀ 1 ಲಕ್ಷ ಇತ್ತು. ಲೆಕ್ಕ ಬ್ಯಾಂಕಿಗೆ, ಬ್ರಾಂಚಿಗೆ ಅಲ್ಲ. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಹೋಗಿ ಕೆನರಾದಲ್ಲಿ ಸೇರಿತು, ಹಾಗಾಗಿ ನಿಮ್ಮ ಎರಡು ಬ್ಯಾಂಕ್ ಈಗ ಒಂದೇ ಬ್ಯಾಂಕ್, 5 ಲಕ್ಷವೂ ಒಂದೇ. ಕಾರ್ಪೊರೇಷನ್ ಬ್ಯಾಂಕ್ ಮತ್ತು ಯೂನಿಯನ್ ಬ್ಯಾಂಕಲ್ಲಿ ಇಟ್ಟವರಿಗೂ ಹಾಗೇ, ವಿಜಯಾ 2019ರಲ್ಲೇ ಬ್ಯಾಂಕ್ ಆಫ್ ಬರೋಡಾ ಆಯ್ತು. ಸರಕಾರಿ ಬ್ಯಾಂಕ್ ಮುಳುಗ್ತದೆ ಅಂತ ನಾನು ಹೆದರಿಸ್ತಾ ಇಲ್ಲ, ಆ ಚಿಂತೆ ನನಗೂ ಇಲ್ಲ. ನನ್ನ ಹತ್ರ ಬರುವ ಹಿರಿಯರು ಪ್ಲಾಸ್ಟಿಕ್ ಕವರಲ್ಲಿ ಪಾಸ್‌ಬುಕ್ ಕಟ್ಟು ತರ್ತಾರೆ, ಸಿಂಡಿಕೇಟಿನ ಹಳೆ ಪಾಸ್‌ಬುಕ್ಕಿಗೆ ರಬ್ಬರ್ ಬ್ಯಾಂಡ್ ಹಾಕಿ ಕೆನರಾದ ಹೊಸದನ್ನು ಅದರ ಒಳಗೇ ಇಟ್ಟಿರ್ತಾರೆ, ಆದ್ರೂ ಮನಸ್ಸಲ್ಲಿ ಅದು ಎರಡು ಬ್ಯಾಂಕ್.

ನನಗೆ ನಿಜವಾಗಿ ಚಿಂತೆ ಸೊಸೈಟಿ ದುಡ್ಡಿಂದು. ಸಹಕಾರಿ ಬ್ಯಾಂಕಿಗೆ ಡಿಐಸಿಜಿಸಿ ವಿಮೆ ಉಂಟು, ಕ್ರೆಡಿಟ್ ಕೋ-ಆಪರೇಟಿವ್ ಸೊಸೈಟಿಗೆ ಇಲ್ಲ. ನಮ್ಮ ಜಿಲ್ಲೆಗಳಲ್ಲಿ ಒಳ್ಳೆ ಸೊಸೈಟಿ ಬೇಕಾದಷ್ಟು ಉಂಟು, ಪ್ರಾಮಾಣಿಕವಾಗಿ ನಡೆಸುವವರು ಇದ್ದಾರೆ. ಆದ್ರೆ ಒಂದು ಪರ್ಸೆಂಟ್ ಹೆಚ್ಚು ಬಡ್ಡಿ ಸುಮ್ಮನೆ ಬರುದಿಲ್ಲ, ಆ ವಿಮೆ ಇಲ್ಲದ್ದಕ್ಕೆ ಬರುದು ಅಂತ ತಿಳ್ಕೊಂಡು ಇಡಿ. ವಾರ್ಷಿಕ ಮಹಾಸಭೆಯ ವರದಿ ಕೇಳಿ ತಗೊಳ್ಳಿ, ವಸೂಲಾಗದ ಸಾಲ ಎಷ್ಟು ನೋಡಿ, ಹೋದರೆ ಊಟಕ್ಕೆ ತೊಂದರೆ ಆಗುವಷ್ಟು ದುಡ್ಡು ಅಲ್ಲಿ ಬೇಡ.

ನಿಮಗೆ 60 ಆಗಿದೆ ಅಂದ್ರೆ ಪೋಸ್ಟ್ ಆಫೀಸಿನ ಸೀನಿಯರ್ ಸಿಟಿಜನ್ ಸ್ಕೀಮಲ್ಲಿ 30 ಲಕ್ಷದ ತನಕ ಇಡ್ಬಹುದು, 8.2 ಪರ್ಸೆಂಟ್, ಮೂರು ತಿಂಗಳಿಗೊಮ್ಮೆ ಬಡ್ಡಿ, ಇಟ್ಟ ದಿನದ ರೇಟು ಐದು ವರ್ಷ ಬದಲಾಗುದಿಲ್ಲ. ಸೊಸೈಟಿಯ ಬಡ್ಡಿಗೆ ಇದು ಹೆಚ್ಚು ಕಡಿಮೆ ಸಮ, ಹಿಂದೆ ಸರಕಾರವೇ ಉಂಟು. ಮೊದಲು ಅಲ್ಲಿಗೆ ಹೋಗಿ.

ರಥಬೀದಿ ಅಂಗಡಿ:

ನನ್ನದು ಪಿಗ್ಮಿ ಉಂಟು, ಸೊಸೈಟಿಯದ್ದೇ. ದಿನಾ ಸಂಜೆ ಹುಡುಗ ಬಂದು ಮೆಷಿನಲ್ಲಿ ಚೀಟಿ ಕೊಟ್ಟು ಹೋಗ್ತಾನೆ. ಅದಕ್ಕೂ ವಿಮೆ ಇಲ್ವಾ ಹಾಗಾದ್ರೆ?

ಬಿಜೈ ಅಡ್ವೈಸರ್:

ಸೊಸೈಟಿ ಆದ್ರೆ ಇಲ್ಲ. ಪಿಗ್ಮಿ ಅಂತ 1928ರಲ್ಲಿ ಸಿಂಡಿಕೇಟ್ ಬ್ಯಾಂಕ್ ಶುರು ಮಾಡಿದಾಗ ದಿನಕ್ಕೆ ಎರಡಾಣೆ ಕಟ್ಟಿಸ್ಕೊಳ್ತಿದ್ರು, ಅದು ಬ್ಯಾಂಕಿನದ್ದು. ನೀವು ಪಿಗ್ಮಿ ನಿಲ್ಲಿಸುದು ಬೇಡ, ಅಂಗಡಿಯವರಿಗೆ ಅದರಂಥ ಅಭ್ಯಾಸ ಬೇರೆ ಇಲ್ಲ. ವರ್ಷ ಆದ ಕೂಡ್ಲೇ ತೆಗೆದು ಬ್ಯಾಂಕಿಗೆ ಹಾಕಿ, ಅಲ್ಲೇ ಗುಡ್ಡೆ ಹಾಕ್ಬೇಡಿ. ಚೀಟಿಯನ್ನು ಆ ದಿನವೇ ನೋಡಿ ಪಾಸ್‌ಬುಕ್ಕಿಗೆ ತಾಳೆ ಹಾಕುದು ಬಿಡ್ಬೇಡಿ.

ಕುಡ್ಲ ಕೋಡರ್:

ಅಣ್ಣ ನಾನು ಐಟಿ, ವಯಸ್ಸು 27. ಎಸ್‌ಐಪಿ ತಿಂಗಳಿಗೆ 15,000 ಹೋಗ್ತದೆ, ಈಗ ಮೈನಸಲ್ಲಿ ಉಂಟು, ಸಣ್ಣ ಕಂಪನಿಗಳ ಸ್ಮಾಲ್‌ಕ್ಯಾಪ್ ಫಂಡ್ ಅಂತೂ ಕೇಳ್ಬೇಡಿ. ಆಫೀಸಲ್ಲಿ ಮೂರು ಜನ ಆಪ್ಷನ್ಸ್ (ರೇಟು ಏರ್ತದಾ ಇಳೀತದಾ ಅಂತ ಮಾಡುವ ವಾಯಿದೆ ವ್ಯಾಪಾರ) ಮಾಡ್ತಾರೆ, ಗುರುವಾರ ಮಂಗಳವಾರ ಎಕ್ಸ್‌ಪೈರಿ (ವಾಯಿದೆ ಮುಗಿಯುವ ದಿನ) ಅಂತ ಚಾ ಕುಡೀಲಿಕ್ಕೂ ಬರುದಿಲ್ಲ. ಮಾರ್ಕೆಟ್ ಹೇಗೂ ಎರಡೂ ಕಡೆ ಓಡ್ತಾ ಉಂಟಲ್ಲ, ಎಸ್‌ಐಪಿ ನಿಲ್ಲಿಸಿ ಆ ದುಡ್ಡಲ್ಲಿ ಸ್ವಲ್ಪ ಆಪ್ಷನ್ಸ್ ಕಲೀಲಾ ಅಂತ.

ಬಿಜೈ ಅಡ್ವೈಸರ್:

ಬೇಡ ತಮ್ಮಾ. ಇದನ್ನು ಎಷ್ಟು ದೊಡ್ಡ ಅಕ್ಷರದಲ್ಲಿ ಬರೀಲಿಕ್ಕೆ ಆಗ್ತದೋ ಅಷ್ಟು ದೊಡ್ಡದಾಗಿ ಬರೀಬೇಕು ಅಂತ ಅನ್ನಿಸ್ತದೆ. 2024ರ ಸೆಪ್ಟೆಂಬರಲ್ಲಿ ಸೆಬಿಯೇ ಲೆಕ್ಕ ಕೊಟ್ಟಿತು, ಮೂರು ವರ್ಷದಲ್ಲಿ ಎಫ್ ಆಂಡ್ ಒ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ಮಾಡಿದ ಸಾಮಾನ್ಯ ಜನರಲ್ಲಿ 93 ಪರ್ಸೆಂಟ್ ದುಡ್ಡು ಕಳ್ಕೊಂಡಿದ್ದಾರೆ, ಒಟ್ಟು 1.8 ಲಕ್ಷ ಕೋಟಿಗಿಂತ ಹೆಚ್ಚು. ನಿಮ್ಮ ಆಫೀಸಿನ ಮೂರು ಜನ ಗೆದ್ದ ದಿನ ಸ್ಕ್ರೀನ್‌ಶಾಟ್ ಹಾಕ್ತಾರೆ, ಸೋತ ದಿನ ಮಾತಾಡುದಿಲ್ಲ, ಹಾಗಾಗಿ ನಿಮಗೆ ಬರೀ ಗೆದ್ದದ್ದು ಕಾಣ್ತದೆ. ಇಂಥ ಹುಡುಗರ ಅಪ್ಪ ಅಮ್ಮ ನನ್ನ ಹತ್ರ ಬಂದು ಕೂತದ್ದುಂಟು, ಪರ್ಸನಲ್ ಲೋನ್ ತಗೊಂಡು ಆಪ್ಷನ್ಸಿಗೆ ಹಾಕಿದ್ದಾನೆ, ಮನೆ ಅಡವಿಟ್ಟು ತೀರಿಸ್ಲಾ ಅಂತ ಕೇಳ್ಳಿಕ್ಕೆ. ಆ ಅಮ್ಮಂದಿರ ಮುಖ ನೋಡಿದವರು ಯಾರೂ ಕಲೀಲಾ ಅಂತ ಕೇಳುದಿಲ್ಲ.

ಎಸ್‌ಐಪಿ ಮೈನಸ್ ಅಂತ ಬೇಸರ ಆಗುದು ಸಹಜ. ಆದ್ರೆ ನಿಮಗೆ ಈ ದುಡ್ಡು ಬೇಕಾಗುದು ನಲವತ್ತು ದಾಟಿದ ಮೇಲೆ ಅಲ್ವಾ, ಹಾಗಿರುವಾಗ ಈಗ ಕಡಿಮೆ ರೇಟಲ್ಲಿ ಯೂನಿಟ್ ಸಿಗುದು ನಿಮಗೆ ಲಾಭ. ಎಲ್ಲವನ್ನೂ ಸ್ಮಾಲ್‌ಕ್ಯಾಪಿಗೆ ಹಾಕಿದ್ರೆ ಅದನ್ನು ಸರಿಮಾಡಿ, ಅರ್ಧಕ್ಕಿಂತ ಹೆಚ್ಚು ಇಂಡೆಕ್ಸ್ ಫಂಡಲ್ಲಿ (ಸೆನ್ಸೆಕ್ಸಿನಂಥ ಸೂಚ್ಯಂಕದ ಶೇರುಗಳನ್ನೇ ಇಡುವ ಫಂಡ್) ಇರ್ಲಿ. 50 ಪರ್ಸೆಂಟ್ ಬಿದ್ದದ್ದು ಮೊದಲಿನ ಜಾಗಕ್ಕೆ ಬರ್ಬೇಕಾದ್ರೆ 100 ಪರ್ಸೆಂಟ್ ಏರ್ಬೇಕು, ಸ್ಮಾಲ್‌ಕ್ಯಾಪ್ ಬೀಳುದು ಹಾಗೆ.

ಮತ್ತೆ ಐಟಿಯಲ್ಲಿ ಇದ್ದೀರಿ, ಆರು ತಿಂಗಳ ಖರ್ಚು ಎಫ್‌ಡಿಯಲ್ಲಿ ಉಂಟಾ? ಕಂಪನಿಯ ಹೆಲ್ತ್ ಇನ್ಶೂರೆನ್ಸ್ ಕೆಲಸ ಹೋದ ದಿನ ಅದೂ ಹೋಗ್ತದೆ, ನಿಮ್ಮ ಹೆಸರಲ್ಲಿ ಬೇರೆ ಒಂದು ಮಾಡಿ. 2025ರ ಸೆಪ್ಟೆಂಬರ್ 22ರಿಂದ ಅದರ ಮೇಲೆ ಜಿಎಸ್‌ಟಿಯೂ ಇಲ್ಲ.

ಪುತ್ತೂರು ತೋಟ:

ಓದಿದೆ. ನಮಗೆ ಸಂಬಳ ಇಲ್ಲ, ಅಡಿಕೆ ಮಾರಿದಾಗ ದುಡ್ಡು. ನನ್ನ ಪ್ರಶ್ನೆ ಬೇರೆ, ಮಾರ್ಕೆಟ್ ಬಿದ್ದಾಗ ಮಾರ್ಬೇಡಿ ಮಾರ್ಬೇಡಿ ಅಂತ ಎಲ್ಲ ಅಡ್ವೈಸರುಗಳೂ ಹೇಳ್ತಾರೆ, ಅದು ಅವರ ಕಮಿಷನ್ ಹೋಗ್ತದೆ ಅಂತ ಹೇಳುದಾ ಅಥವಾ ನಿಜವಾಗಿಯೂ ನಮ್ಮ ಒಳ್ಳೆದಕ್ಕಾ?

ಬಿಜೈ ಅಡ್ವೈಸರ್:

ಈ ಪ್ರಶ್ನೆ ಕೇಳಿದ್ದು ತುಂಬ ಒಳ್ಳೆದಾಯ್ತು ಭಟ್ರೆ. ಎರಡೂ ಆಗಿರ್ಬಹುದು, ಅದಕ್ಕೇ ಸಲಹೆ ಕೊಡುವವರು ಎಲ್ಲಿಂದ ದುಡ್ಡು ಮಾಡ್ತಾರೆ ಅಂತ ಮೊದಲು ಕೇಳ್ಬೇಕು, ಕೇಳ್ಳಿಕ್ಕೆ ಸಂಕೋಚ ಬೇಡ.

ನೀವು ಚಾಲಿ ಅಡಿಕೆ ರೇಟು ಬಿದ್ದಾಗ ಎಂತ ಮಾಡ್ತೀರಿ? ಅಟ್ಟದಲ್ಲಿ ಇಡ್ತೀರಿ. ಆದ್ರೆ ಇಡ್ಲಿಕ್ಕೆ ಆಗುದು ಯಾರಿಗೆ? ಸೊಸೈಟಿ ಸಾಲದ ಕಂತು, ಮಗಳ ಕಾಲೇಜು ಫೀಸು ಬೇರೆ ಕಡೆಯಿಂದ ಕಟ್ಟುವ ಹಾಗೆ ಇದ್ದವರಿಗೆ. ಇಲ್ಲದವರು ಬಿದ್ದ ರೇಟಿಗೇ ಕೊಡ್ಬೇಕು. ಶೇರು ಮಾರ್ಕೆಟಲ್ಲೂ ಹಾಗೇ, ಹಿಡ್ಕೊಳ್ಳಿ ಅಂತ ಬಾಯಲ್ಲಿ ಹೇಳುದು ಸುಲಭ, ಹಿಡ್ಕೊಳ್ಳುವ ಶಕ್ತಿ ಮೊದಲೇ ಬೇರೆ ಕಡೆ ಇಟ್ಟ ದುಡ್ಡಿಂದ ಬರ್ಬೇಕು.

2020ರ ಮಾರ್ಚ್ 23 ಬೆಳಿಗ್ಗೆ ಲೋವರ್ ಸರ್ಕ್ಯೂಟ್ (ಬೀಳುವ ಮಿತಿ) ಹೊಡೆದು ಟ್ರೇಡಿಂಗ್ ಮುಕ್ಕಾಲು ಗಂಟೆ ನಿಂತಿತ್ತು. ಆ ಹೊತ್ತಿಗೆ ಫೋನ್ ಮಾಡಿದವರಲ್ಲಿ ಇಬ್ಬರದ್ದು ಹೇಳ್ತೇನೆ. ಒಬ್ಬರು ಕುಲಶೇಖರದ ದಂಪತಿ, ಮಗಳ ಫೀಸ್ ಹೋಯ್ತು ಅಂತ ಅಳ್ತಾ ಇದ್ರು. ಅವರ ಹಾಳೆ ತೆಗೆದು ನೋಡಿದೆ, ಎರಡು ವರ್ಷದ ಫೀಸ್ ಎಫ್‌ಡಿಯಲ್ಲಿ ಉಂಟು, ಮಾರ್ಕೆಟಲ್ಲಿ ಇದ್ದದ್ದು ಅವರ ರಿಟೈರ್ಮೆಂಟಿನ ದುಡ್ಡು, ಅದಕ್ಕೆ ಇನ್ನೂ ಹದಿನಾಲ್ಕು ವರ್ಷ. ಎಫ್‌ಡಿ ರಸೀದಿ ಕಪಾಟಿಂದ ತೆಗೆದು ಎದುರು ಇಟ್ಕೊಳ್ಳಿ, ಮೊಬೈಲ್ ಆಚೆ ಇಡಿ ಅಂತ ಹೇಳಿದೆ. ಅವರು ಮಾರ್ಲಿಲ್ಲ. ಇನ್ನೊಬ್ಬರು ಹೋಟೆಲಿನವರು, ಲಾಕ್‌ಡೌನಿಗೆ ಶಟರ್ ಎಳೆದಿದ್ರು, ಹುಡುಗರಿಗೆ ಸಂಬಳ ಕೊಡ್ಬೇಕು, ಬಾಡಿಗೆ ಕೊಡ್ಬೇಕು, ಎಷ್ಟು ತಿಂಗಳು ಅಂತ ಗೊತ್ತಿಲ್ಲ, ಇದ್ದದ್ದೆಲ್ಲ ಅವರು ನನ್ನ ಹತ್ರ ಬರುವ ಮೊದಲೇ ಶೇರಲ್ಲಿ ಹಾಕಿದ್ದು. ಅವರಿಗೆ ನಾನು ಅರ್ಧ ಮಾರಿ ಅಂತಲೇ ಹೇಳಿದೆ, ಬಿದ್ದ ರೇಟಿಗೇ. ಆಮೇಲೆ ಮಾರ್ಕೆಟ್ ಏರಿತು, ಮಾರದಿದ್ರೆ ಲಾಭ ಆಗ್ತಿತ್ತು ಅಂತ ಲೆಕ್ಕ ತೋರಿಸ್ಬಹುದು. ಆದ್ರೆ ಆ ದಿನ ಅವರಿಗೆ ಬೇಕಾದ್ದು ಲಾಭ ಅಲ್ಲ, ಹುಡುಗರ ಊಟ. ಇವತ್ತು ಅದೇ ಪರಿಸ್ಥಿತಿ ಬಂದ್ರೂ ನಾನು ಅದನ್ನೇ ಹೇಳುದು.

ಹಾಗಾಗಿ ಮಾರ್ಬೇಡಿ ಅಂತ ಎಲ್ಲರಿಗೂ ಒಂದೇ ಮಾತು ಹೇಳುವ ಸಲಹೆಗಾರ ನಿಮ್ಮ ಮನೆಯ ಲೆಕ್ಕ ನೋಡಿಲ್ಲ ಅಂತ ಅರ್ಥ.

ಕುಂದಾಪ್ರದವ:

ಹ್ವಾಯ್, ಕಮಿಷನ್ ಸುದ್ದಿ ಬಂದದ್ಕೆ ಕೇಂತೆ. ನನ್ನ್ ಅಬ್ಬಿಗೆ ಒಂದ್ ಬ್ಯಾಂಕಂಗೆ ಎಫ್‌ಡಿ ಮಾಡುಕ್ ಹೋದಲ್ ಇನ್ಶೂರೆನ್ಸ್ ಪಾಲಿಸಿ ಮಾಡ್ಸಿ ಕಳ್ಸಿರ್ ಮಾರ್ರೆ. ವರ್ಷಕ್ಕೆ ಎರಡ್ ಲಕ್ಷ ಕಟ್ಕ್ ಅಂಬ್ರ್, ಅಬ್ಬಿಗೆ 64 ವರ್ಷ, ಗೊತ್ತೇ ಇಲ್ಲೆ ಅದ್ ಪಾಲಿಸಿ ಅಂದೇಳಿ. ಬಾಂಡ್ ಪೇಪರ್ ಬಂದ್ ಹತ್ತ್ ದಿನ ಆಯ್ತ್. ಎಂತ ಮಾಡುದ್ ಈಗ?

ಬಿಜೈ ಅಡ್ವೈಸರ್:

ಹತ್ತು ದಿನ ಅಂದ್ರೆ ಇನ್ನೂ ಟೈಮ್ ಉಂಟು, ಇವತ್ತೇ ಮಾಡಿ. ಪಾಲಿಸಿ ಕೈಗೆ ಬಂದ ದಿನದಿಂದ 30 ದಿನ ಫ್ರೀ ಲುಕ್ ಅಂತ ಉಂಟು, ಬೇಡ ಅಂತ ಬರೆದು ಕೊಟ್ರೆ ಸ್ಟ್ಯಾಂಪ್ ಡ್ಯೂಟಿ, ಮೆಡಿಕಲ್ ಟೆಸ್ಟಿನ ಖರ್ಚು, ಆ ಕೆಲವು ದಿನದ ವಿಮೆಯ ಲೆಕ್ಕ ಕಳೆದು ಉಳಿದ ದುಡ್ಡು ವಾಪಸ್ ಕೊಡ್ಬೇಕು. ಬ್ಯಾಂಕಿಗೆ ಹೋಗಿ ಬಾಯಲ್ಲಿ ಹೇಳಿ ಬರ್ಬೇಡಿ, ಸಾಹೇಬ್ರು ರಜೆ, ಮುಂದಿನ ವಾರ ಬನ್ನಿ ಅಂತ ದಿನ ದೂಡ್ತಾರೆ. ಇನ್ಶೂರೆನ್ಸ್ ಕಂಪನಿಗೇ ಈಮೇಲ್ ಮಾಡಿ, ಅವರ ಬ್ರಾಂಚಲ್ಲಿ ಅರ್ಜಿ ಕೊಟ್ಟು ಸೀಲ್ ಹಾಕಿಸ್ಕೊಳ್ಳಿ. ಅಮ್ಮನಿಗೆ ಬೈಬೇಡಿ, ಇಷ್ಟು ವರ್ಷ ಕೌಂಟರಿನವರು ಹೇಳಿದಲ್ಲಿ ಸೈನ್ ಹಾಕಿದ್ರೆ ಏನೂ ಆಗ್ತಿರ್ಲಿಲ್ಲ, ಆ ನಂಬಿಕೆಯನ್ನೇ ಇಲ್ಲಿ ಮಾರಿದ್ದು.

ಕುಂದಾಪ್ರದವ:

ಅಡ್ಡಿಲ್ಲೆ, ಇವತ್ತೇ ಹೋತೆ.

ಮಲ್ಪೆ ಬೋಟು:

ನಮ್ಮದು ಮನೆಯಲ್ಲಿ ಬೋಟು ಉಂಟು. ಜೂನ್ ಒಂದರಿಂದ ಜುಲೈ ಕಡೆ ತನಕ ಮೀನುಗಾರಿಕೆ ಬಂದ್, ಆಗ ಬಲೆ ರಿಪೇರಿ, ಬೋಟಿನ ಪೈಂಟು, ಕೆಲಸದವರಿಗೆ ಅಡ್ವಾನ್ಸು ಅಂತ ದುಡ್ಡು ಬರೀ ಹೋಗುದು. ಹೋದ ವರ್ಷ ಎಸ್‌ಐಪಿ ಮೂರು ಸಲ ಬೌನ್ಸ್ ಆಗಿ ಅದೇ ಕ್ಯಾನ್ಸಲ್ ಆಯ್ತು, ಬ್ಯಾಂಕಿನವರು ಚಾರ್ಜ್ ಬೇರೆ ಹಿಡಿದ್ರು. ನಮ್ಮಂಥವರಿಗೆ ಎಸ್‌ಐಪಿ ಆಗುದಿಲ್ವಾ?

ಬಿಜೈ ಅಡ್ವೈಸರ್:

ಆಗ್ತದೆ, ಸಂಬಳದವರ ಹಾಗೆ ಮಾಡ್ಲಿಕ್ಕೆ ಹೋಗ್ಬೇಡಿ ಅಷ್ಟೇ. ಆಗಸ್ಟಿಂದ ಮೇ ತನಕ ಮೀನು ಒಳ್ಳೆ ಸಿಕ್ಕಿದ ಟ್ರಿಪ್ಪಿನ ದುಡ್ಡಲ್ಲಿ ಒಂದು ಪಾಲು ಲಿಕ್ವಿಡ್ ಫಂಡಿಗೆ ಹಾಕ್ತಾ ಬನ್ನಿ. ಅಲ್ಲಿ ಮೊದಲು ಎರಡು ತಿಂಗಳ ಬಂದಿನ ಖರ್ಚು, ಡೀಸೆಲ್, ಬಲೆ, ಇಂಜಿನ್ ಕೆಲಸ ಎಲ್ಲ ಸೇರಿ ಎಷ್ಟೋ ಅಷ್ಟು ತುಂಬ್ಲಿ. ಅದು ತುಂಬಿದ ಮೇಲೆ ಹೆಚ್ಚಾದ್ದನ್ನು ಅಲ್ಲಿಂದಲೇ ತಿಂಗಳಿಗೆ ಇಷ್ಟು ಅಂತ ಇಕ್ವಿಟಿ ಫಂಡಿಗೆ ಹೋಗುವ ಹಾಗೆ ಮಾಡ್ಬಹುದು, ಎಸ್‌ಟಿಪಿ ಅಂತ ಹೇಳ್ತಾರೆ. ಆಗ ಬ್ಯಾಂಕ್ ಅಕೌಂಟಲ್ಲಿ ಆ ದಿನ ದುಡ್ಡು ಇಲ್ಲ ಅಂತ ಬೌನ್ಸ್ ಆಗುದಿಲ್ಲ. ಒಂದು ವರ್ಷ ಮೀನೇ ಇಲ್ಲ ಅಂದ್ರೆ ಏನೂ ಹಾಕ್ಬೇಡಿ, ಇದ್ದದ್ದನ್ನು ತೆಗೀದೆ ಇದ್ರೆ ಸಾಕು.

ಕಾರ್ಕಳ ಕುವೈಟ್:

ನಾನು ಮುಂದಿನ ವರ್ಷ ಪರ್ಮನೆಂಟ್ ಊರಿಗೆ ಬರುವವ. ಎನ್‌ಆರ್‌ಇ (ಹೊರದೇಶದಲ್ಲಿ ಇರುವವರ ಅಕೌಂಟ್) ಎಫ್‌ಡಿ ಉಂಟು, ಟ್ಯಾಕ್ಸ್ ಇಲ್ಲ ಅಂತ ಅದರಲ್ಲೇ ಇಟ್ಟು ಬಡ್ಡಿಯಲ್ಲಿ ಬದುಕುವ ಯೋಚನೆ. ಮಾರ್ಕೆಟ್ ಹೀಗೆ ಇರುವಾಗ ಅದೇ ಬೆಸ್ಟ್ ಅಲ್ವಾ?

ಬಿಜೈ ಅಡ್ವೈಸರ್:

ಇಡ್ಬಹುದು, ಆದ್ರೆ ಟ್ಯಾಕ್ಸ್ ಇಲ್ಲ ಅನ್ನುದು ನೀವು ಅಲ್ಲಿ ಇರುವ ತನಕ ಮಾತ್ರ. ಊರಲ್ಲೇ ಇರ್ಲಿಕ್ಕೆ ಅಂತ ವಾಪಸ್ ಬಂದ ದಿನದಿಂದ ಆ ಬಡ್ಡಿಗೆ ಟ್ಯಾಕ್ಸ್ ಉಂಟು, ಬಂದ ಮೇಲೆ ಬ್ಯಾಂಕಿಗೆ ತಿಳಿಸಿ ಅಕೌಂಟನ್ನು ರೆಸಿಡೆಂಟ್ ಮಾಡಿಸ್ಲೇಬೇಕು. ತುಂಬ ಜನ ಬಂದು ನಾಲ್ಕು ವರ್ಷ ಆದ್ರೂ ಎನ್‌ಆರ್‌ಇ ಅಂತಲೇ ಇಟ್ಟಿರ್ತಾರೆ, ಆಮೇಲೆ ನೋಟಿಸ್ ಬಂದಾಗ ಓಡಿ ಬರ್ತಾರೆ. ನೀವು ಬರುವ ಮೊದಲೇ ಒಬ್ಬ ಸಿಎ ಹತ್ರ ಕೂತು ಮಾತಾಡಿ. ಮತ್ತೆ ನಿಮಗೆ ಎಷ್ಟು ವಯಸ್ಸು? 50ರ ಆಸುಪಾಸು ಆದ್ರೆ ಇನ್ನೂ ಮೂವತ್ತು ವರ್ಷದ ಜೀವನ ಉಂಟು, ಬರೀ ಬಡ್ಡಿಯಲ್ಲಿ ನಡೆಯುವ ಲೆಕ್ಕ ಹತ್ತು ವರ್ಷಕ್ಕೆ ಬಿಗಿ ಆಗ್ತದೆ.

ಬಿಕಾಂ ಉಡುಪಿ:

ಸರ್ ನಾನು ಫೈನಲ್ ಬಿಕಾಂ. ಮನೆಯಲ್ಲಿ ಬ್ಯಾಂಕ್ ಎಕ್ಸಾಂ ಬರಿ ಅಂತ ಹೇಳ್ತಾರೆ, ನನಗೆ ನಿಮ್ಮ ಹಾಗೆ ಫೈನಾನ್ಷಿಯಲ್ ಅಡ್ವೈಸರ್ ಆಗ್ಬೇಕು ಅಂತ ಆಸೆ. ಊರಲ್ಲೇ ಇದ್ದು ಇದರಲ್ಲಿ ಜೀವನ ಆಗ್ತದಾ? ನಿಜ ಹೇಳಿ.

ಬಿಜೈ ಅಡ್ವೈಸರ್:

ಮಗಾ, ನಿಜವೇ ಹೇಳ್ತೇನೆ. ದಾರಿ ಎರಡು ಉಂಟು.

ಒಂದು ಮ್ಯೂಚುವಲ್ ಫಂಡ್ ಡಿಸ್ಟ್ರಿಬ್ಯೂಟರ್. ಸೆಬಿಯ ಎನ್‌ಐಎಸ್‌ಎಂ ಸಂಸ್ಥೆಯ ಸೀರೀಸ್ 5-ಎ ಪರೀಕ್ಷೆ ಪಾಸಾಗಿ ಫಂಡ್ ಕಂಪನಿಗಳ ಸಂಘ ಆಂಫಿಯಿಂದ ಎಆರ್‌ಎನ್ ಅಂತ ನೋಂದಣಿ ನಂಬರ್ ತಗೊಂಡ್ರೆ ಕೆಲಸ ಶುರು ಮಾಡ್ಬಹುದು. ಆದಾಯ ಫಂಡ್ ಕಂಪನಿ ಕೊಡುವ ಕಮಿಷನ್. ಒಂದು ಕೋಟಿ ರೂಪಾಯಿ ಜನರ ದುಡ್ಡು ನಿನ್ನ ಮೂಲಕ ಇದ್ರೆ ವರ್ಷಕ್ಕೆ ಅಂದಾಜು 70-80 ಸಾವಿರ, ಅಂದ್ರೆ ತಿಂಗಳಿಗೆ ಆರು ಸಾವಿರದ ಹತ್ರ. ಆ ಒಂದು ಕೋಟಿ ಸೇರ್ಲಿಕ್ಕೆ ಹೊಸಬರಿಗೆ ವರ್ಷಗಳೇ ಬೇಕು. 2009ರ ಆಗಸ್ಟ್ ತನಕ ಎಂಟ್ರಿ ಲೋಡ್ ಅಂತ ಹೂಡಿಕೆದಾರರ ದುಡ್ಡಿಂದ ಮೊದಲೇ ಎರಡೂಕಾಲು ಪರ್ಸೆಂಟ್ ಕಡಿತ ಆಗಿ ನಮಗೆ ಸಿಗ್ತಿತ್ತು, ಸೆಬಿ ಅದನ್ನು ನಿಲ್ಲಿಸಿತು. ನಿಲ್ಲಿಸಿದ್ದು ಜನರಿಗೆ ಒಳ್ಳೆದೇ ಆಯ್ತು, ಆದ್ರೆ ನಮ್ಮ ಲೈನಿನ ತುಂಬ ಜನ ಆಗ ಬಿಟ್ಟು ಇನ್ಶೂರೆನ್ಸ್ ಮಾರ್ಲಿಕ್ಕೆ ಹೋದ್ರು, ಅಲ್ಲಿ ಮೊದಲ ವರ್ಷದ ಕಮಿಷನ್ ದೊಡ್ಡದು.

ಇನ್ನೊಂದು ನಾನು ಈಗ ಇರುವ ದಾರಿ, ಸೆಬಿಯ ನೋಂದಾಯಿತ ಹೂಡಿಕೆ ಸಲಹೆಗಾರ. ಇದರ ನಿಯಮ ಬಂದದ್ದು 2013ರಲ್ಲಿ, ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್ ಬಂದದ್ದೂ ಅದೇ ವರ್ಷ. ಎನ್‌ಐಎಸ್‌ಎಂ 10-ಎ ಮತ್ತು 10-ಬಿ ಎರಡೂ ಪಾಸಾಗ್ಬೇಕು, ಇದರಲ್ಲಿ ತಪ್ಪು ಉತ್ತರಕ್ಕೆ ಮಾರ್ಕ್ ಕಡಿತ ಉಂಟು. ಮೊದಲು ಸ್ನಾತಕೋತ್ತರ ಪದವಿ, ಅನುಭವ ಎಲ್ಲ ಕೇಳ್ತಿದ್ರು, 2024ರ ಡಿಸೆಂಬರಿನ ತಿದ್ದುಪಡಿಯಲ್ಲಿ ಡಿಗ್ರಿ ಸಾಕು ಅಂತ ಆಯ್ತು, ನೆಟ್‌ವರ್ತ್ ಬದಲು 150 ಗ್ರಾಹಕರ ತನಕ 1 ಲಕ್ಷ ಡೆಪಾಸಿಟ್ ಇಡ್ಬೇಕು. ನಿನ್ನ ವಯಸ್ಸಿನವರಿಗೆ ಇದು ದೊಡ್ಡ ಅವಕಾಶ. ಇಡೀ ದೇಶದಲ್ಲಿ ಇಂಥ ಸಲಹೆಗಾರರು ಸಾವಿರದ ಆಸುಪಾಸು ಮಾತ್ರ ಇರುದು, ಇಷ್ಟು ದೊಡ್ಡ ದೇಶಕ್ಕೆ ಅದು ಏನೂ ಅಲ್ಲ.

ಕಷ್ಟ ಎಂತ ಅಂದ್ರೆ ಫೀಸ್ ಕೇಳುದು. ಡಾಕ್ಟ್ರಿಗೆ ಕೊಡ್ತಾರೆ, ವಕೀಲರಿಗೆ ಕೊಡ್ತಾರೆ, ದುಡ್ಡಿನ ವಿಷಯ ಹೇಳಿದ್ದಕ್ಕೆ ದುಡ್ಡಾ ಅಂತ ಕೇಳ್ತಾರೆ. ಫ್ರೀ ಆಗಿ ಹೇಳುವವರು ಬೀದಿಗೊಬ್ಬರು ಇದ್ದಾರಲ್ಲ. ನಾನು ಲೆಕ್ಕ ಬರೆದು ತೋರಿಸ್ತೇನೆ, ಕಮಿಷನ್ ಇರುವ ರೆಗ್ಯುಲರ್ ಪ್ಲಾನಿಗೂ ಡೈರೆಕ್ಟಿಗೂ ಒಂದು ಪರ್ಸೆಂಟ್ ವ್ಯತ್ಯಾಸ ಅಂದ್ರೆ 20 ಲಕ್ಷಕ್ಕೆ ವರ್ಷಕ್ಕೆ 20,000, ಅದು ಕಾಣದೆ ಹೋಗ್ತದೆ, ನನ್ನ ಫೀಸ್ ಕಣ್ಣಿಗೆ ಕಾಣ್ತದೆ. ಅರ್ಥ ಆದವರು ಉಳೀತಾರೆ. ಒಳ್ಳೆ ಡಿಸ್ಟ್ರಿಬ್ಯೂಟರುಗಳೂ ಇದ್ದಾರೆ, ಸಣ್ಣ ಮೊತ್ತದವರಿಗೆ ಫೀಸ್ ಕೊಡುದಕ್ಕಿಂತ ಅವರೇ ಅನುಕೂಲ, ಅದನ್ನೂ ಹೇಳ್ಬೇಕು.

ನೀನು ಮೊದಲು ಎಲ್ಲಾದ್ರೂ ಎರಡು ಮೂರು ವರ್ಷ ಸಂಬಳಕ್ಕೆ ಕೆಲಸ ಮಾಡು, ಬ್ಯಾಂಕ್ ಆದ್ರೂ ಅಡ್ಡಿಲ್ಲ, ಅಪ್ಪ ಅಮ್ಮನಿಗೂ ಸಮಾಧಾನ. ಜತೆಗೆ ಪರೀಕ್ಷೆ ಬರಿ. ಈ ಕೆಲಸದಲ್ಲಿ ಲೆಕ್ಕಕ್ಕಿಂತ ಹೆಚ್ಚು ಬೇಕಾದ್ದು ಎದುರಿಗೆ ಕೂತವರ ಮಾತು ಪೂರ್ತಿ ಕೇಳುವ ತಾಳ್ಮೆ, ಗಂಡ ಮಾತಾಡ್ತಾ ಇರುವಾಗ ಹೆಂಡತಿ ಎಲ್ಲಿ ತಲೆ ತಗ್ಗಿಸಿದ್ರು ಅಂತ ನೋಡ್ಬೇಕು, ಹೆಚ್ಚಾಗಿ ಹೇಳದ ಸಾಲ ಅಲ್ಲೇ ಇರ್ತದೆ. ಅದು ಯಾವ ಪರೀಕ್ಷೆಯಲ್ಲೂ ಇಲ್ಲ.

ಬಿಕಾಂ ಉಡುಪಿ:

ತುಂಬ ಥ್ಯಾಂಕ್ಸ್ ಸರ್. 5-ಎ ಈ ಸೆಮಿಸ್ಟರ್ ಮುಗಿದ ಕೂಡ್ಲೇ ಬರೀತೇನೆ, 10-ಎ ಆಮೇಲೆ.

ಅಜ್ಜರಕಾಡು ಟೀಚರ್:

ಸರ್, ಇನ್ನೊಂದು ಕೇಳ್ಳಿಕ್ಕೆ ಇತ್ತು. ನನ್ನ ಭಾವನವರನ್ನು ಯಾರೋ ಒಂದು ವಾಟ್ಸಾಪ್ ಗ್ರೂಪಿಗೆ ಸೇರಿಸಿದ್ದಾರೆ, ಸೆಬಿ ನೋಂದಣಿ ಉಂಟು ಅಂತ ಸರ್ಟಿಫಿಕೇಟ್ ಎಲ್ಲ ಕಳಿಸಿದ್ದಾರೆ, ಮಾರ್ಕೆಟ್ ಬಿದ್ರೂ ದಿನಾ ಲಾಭ ಕೊಡ್ತಾರಂತೆ. ಒಂದು ಆಪ್ ಹಾಕಿಸಿದ್ದಾರೆ, ಅದರಲ್ಲಿ ನಾಲ್ಕು ಲಕ್ಷ ಹೋಗಿ ಒಂಬತ್ತು ಲಕ್ಷ ಆಗಿದೆ ಅಂತ ತೋರಿಸ್ತದೆ. ತೆಗೀಬೇಕಾದ್ರೆ ಮೊದಲು ಟ್ಯಾಕ್ಸ್ ಅಂತ ಒಂದು ಲಕ್ಷ ಕಟ್ಬೇಕಂತೆ, ನಾಳೆ ಕಟ್ತೇನೆ ಅಂತ ಹೇಳ್ತಾ ಇದ್ದಾರೆ.

ಬಿಜೈ ಅಡ್ವೈಸರ್:

ಟೀಚರ್, ಕಟ್ಲಿಕ್ಕೆ ಬಿಡ್ಬೇಡಿ, ಈಗಲೇ ಫೋನ್ ಮಾಡಿ ನಿಲ್ಲಿಸಿ. ಶೇರಿನ ಲಾಭದ ಟ್ಯಾಕ್ಸ್ ಯಾವತ್ತೂ ಬ್ರೋಕರಿಗೆ ಮೊದಲೇ ಕಟ್ಟಿ ದುಡ್ಡು ತೆಗೀಲಿಕ್ಕೆ ಇಲ್ಲ, ನಾವು ರಿಟರ್ನ್ಸಲ್ಲಿ ಕಟ್ಟುದು. ಅವರು ಕಳಿಸಿದ ಸರ್ಟಿಫಿಕೇಟಲ್ಲಿ ನಂಬರ್ ಇರ್ತದೆ, ಸಲಹೆಗಾರ ಆದ್ರೆ ಐಎನ್‌ಎ ಅಂತ ಶುರುವಾಗ್ತದೆ. ಸೆಬಿ ವೆಬ್‌ಸೈಟಿನ ಮಧ್ಯವರ್ತಿಗಳ ಪಟ್ಟಿಯಲ್ಲಿ ಆ ನಂಬರ್ ಹಾಕಿ ಹುಡುಕಿ, ಬರೀ ನಂಬರ್ ಸಿಕ್ಕಿದ್ರೆ ಸಾಲದು, ಹೆಸರು, ವಿಳಾಸ, ಈಮೇಲ್ ಎಲ್ಲ ತಾಳೆ ಆಗ್ಬೇಕು, ಬೇರೆಯವರ ನಿಜವಾದ ನಂಬರನ್ನೇ ಕದ್ದು ಹಾಕುವವರು ಇದ್ದಾರೆ.

ಅಜ್ಜರಕಾಡು ಟೀಚರ್:

ಮಗಳ ಹತ್ರ ಹುಡುಕಿಸಿದೆ ಸರ್. ನಂಬರ್ ಉಂಟು, ಆದ್ರೆ ಅದು ಬೇರೆ ರಾಜ್ಯದ ಬೇರೆ ಯಾರದ್ದೋ ಹೆಸರು. ಭಾವನವರಿಗೆ ಹೇಳಿದೆ, ಮಾತೇ ಆಡ್ತಾ ಇಲ್ಲ.

ಬಿಜೈ ಅಡ್ವೈಸರ್:

ಅವರನ್ನು ಒಬ್ಬರೇ ಬಿಡ್ಬೇಡಿ, ಯಾರಾದ್ರೂ ಮನೆಗೆ ಹೋಗಿ ಜತೆಗಿರಿ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಈ ಗಳಿಗೆಯೇ ಫೋನ್ ಮಾಡಿಸಿ, ದುಡ್ಡು ಯಾವ ಅಕೌಂಟಿಗೆ ಹೋದದ್ದು, ಯಾವ ದಿನ, ಯುಟಿಆರ್ ನಂಬರ್ (ದುಡ್ಡು ಕಳಿಸಿದ್ದರ ಗುರುತಿನ ನಂಬರ್) ಎಂತ ಅಂತ ಕೇಳ್ತಾರೆ, ಬ್ಯಾಂಕ್ ಸ್ಟೇಟ್‌ಮೆಂಟ್ ಕೈಯಲ್ಲಿ ಇಟ್ಕೊಳ್ಳಿ. ಬೇಗ ಹೇಳಿದಷ್ಟು ಆ ಅಕೌಂಟಲ್ಲಿ ಉಳಿದದ್ದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಗ್ರೂಪಿಂದ ಈಗ ಹೊರಗೆ ಬರ್ಬೇಡಿ, ಚಾಟ್ ಎಲ್ಲ ಸ್ಕ್ರೀನ್‌ಶಾಟ್ ತೆಗೆದ ಮೇಲೆ ಬನ್ನಿ. ಆಮೇಲೆ ಉಡುಪಿಯ ಸೆನ್ (ಸೈಬರ್ ಅಪರಾಧ ನೋಡುವ) ಪೊಲೀಸ್ ಠಾಣೆಗೆ ಹೋಗಿ, ನಾನು ಬೇಕಾದ್ರೆ ಫೋನಲ್ಲಿ ಇರ್ತೇನೆ.

ಮಲ್ಪೆ ಬೋಟು:

ಟೀಚರ್, ನಾನು ಉಡುಪಿಯಲ್ಲೇ ಇದ್ದೇನೆ ಇವತ್ತು. ಠಾಣೆಗೆ ಹೋಗ್ಲಿಕ್ಕೆ ಜನ ಬೇಕಾದ್ರೆ ಮೆಸೇಜ್ ಮಾಡಿ, ಗಾಡಿ ಉಂಟು, ಬರ್ತೇನೆ.